ಕಲ್ಲು ಬಿಟ್ಟು ಮಣ್ಣು ಹಿಡಿದದ್ದು

ಕಾಲೇಜು ಹಾಸ್ಟೆಲ್, ದಿಂಡಿಗಲ್
14 ಜುಲೈ 2024

ಕೊಂಬೈಯಲ್ಲಿರುವ ನನ್ನ ಅವ್ವನಿಗೆ, ಅಭಿರಾಮಿಯ ನಮಸ್ಕಾರ.

ನಮ್ಮ ಮನೆಮಾತು ಕನ್ನಡವನ್ನೇ, ನಿನಗೆ ಓದಲು ಬರುವ ತಮಿಳು ಅಕ್ಷರದಲ್ಲಿ ಬರೆದಿದ್ದೇನೆ. ನಿಧಾನವಾಗಿ ನೀನೇ ಓದಿಕೋ. ಓದಿ ಹೇಳೆಂದು ಮುತ್ತುಕುಮಾರ್ ಮಾಮನ ಕೈಗೆ ಕೊಡಬೇಡ. ಫೋನಿನಲ್ಲಿ ಹೇಳಲು ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ.

ಈ ವರ್ಷ ಶಿಲ್ಪ, ಇಲ್ಲವೇ ಸೆರಾಮಿಕ್ಸ್ ಎಂಬ ಮಣ್ಣಿನ ಬಟ್ಟಲು-ಪಾತ್ರೆಗಳ ಕೆಲಸ, ಎರಡರಲ್ಲೊಂದನ್ನು ಆರಿಸಬೇಕಿತ್ತು. ರಜೆಯಲ್ಲಿ ನೀನು ದ್ರಾಕ್ಷಿ ತೋಟದಿಂದ ಬಂದವಳು ಕೈ ಕೂಡ ತೊಳೆಯದೆ ಹೇಳಿದೆ: "ಕಲ್ಲು ಬ್ಯಾಡ, ನನ್ ಕಣ್ಣೇ. ನಿಮ್ಮಪ್ಪನ್ನ ತಿಂದದ್ದು ಸಾಕು. ಮಣ್ಣು ಹಿಡಿ." ನಾನು ಸರಿ ಎಂದೆ. ಇಲ್ಲಿಗೆ ಬಂದ ಮರುದಿನವೇ ಶಿಲ್ಪಕ್ಕೆ ಸಹಿ ಹಾಕಿ, ನಿನಗೆ ಸೆರಾಮಿಕ್ಸ್ ಎಂದೆ.

ಅಪ್ಪನ ಮುಖ ಕೆತ್ತಬೇಕೆಂಬ ಆಸೆ. ತೇವಾರಂ ಊರಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಊರೂರಿನ ದೇವರನ್ನು ಕಲ್ಲಿನಲ್ಲಿ ಕಡೆದವರದು ಒಂದು ಒಳ್ಳೆಯ ಫೋಟೋ ನಮ್ಮಲ್ಲಿಲ್ಲ. ಇರುವುದು ಕೊನೆಯ ವರ್ಷದ್ದು, ಮೂಗಿನಲ್ಲಿ ಕೊಳವೆ.

ಮೊದಲ ದಿನ ಕಾಳಿಮುತ್ತು ಸರ್ ಕಪ್ಪು ಕಲ್ಲು ಕೊಟ್ಟರು. ಮಾಸ್ಕ್ ಕೊಟ್ಟರು, ನೀರು ಚಿಮುಕಿಸಿಕೊಂಡು ಕೆತ್ತಲು ಕಲಿಸಿದರು. ಅಪ್ಪನಿಗೆ ಯಾರೂ ಕೊಡದ ಮಾಸ್ಕ್, ಅವ್ವಾ. ಎಷ್ಟು ಹಗುರ ಗೊತ್ತಾ! ಉಳಿ ಇಟ್ಟು ನಾಲ್ಕು ಏಟು ಹಾಕಿದೆ. ಅಪ್ಪನ ಅಂಗಿಯ ವಾಸನೆ ಬಂತು. ಸುತ್ತಿಗೆ ಬಿಟ್ಟು ಹೊರಗೋಡಿ ವಾಂತಿ ಮಾಡಿಕೊಂಡೆ. "ಎನ್ನಮ್ಮಾ, ಬಯಮಾ?" ಎಂದು ಸರ್ ಕೇಳಿದರು. ಹೌದು, ಹೆದರಿಕೆ ಎಂದೆ. ಹೆದರಿಕೆಯಲ್ಲ.

ನಿನ್ನೆ ನಿಜವಾಗಿಯೂ ಸೆರಾಮಿಕ್ಸಿಗೆ ಬದಲಾದೆ. ಚಕ್ರದ ಮೇಲೆ ಮಣ್ಣು ತಿರುಗುವಷ್ಟು ಹೊತ್ತು ಏನೂ ನೆನಪಾಗುವುದಿಲ್ಲ. ಮಗಳು ಮಾತು ಕೇಳಿದಳೆಂದು ಅಕ್ಕಪಕ್ಕದವರ ಹತ್ತಿರ ಹೇಳಬೇಡ. ದೀಪಾವಳಿಗೆ ಮನೆಗೆ ಬರಲೋ ಬೇಡವೋ, ಈ ಕಾಗದ ಪೂರ್ತಿ ಓದಿದ ಮೇಲೆ ನೀನೇ ತಿಳಿಸು.

ನಿನ್ನ ಮಗಳು
ಅಭಿರಾಮಿ

ಮೇಲೆ ಬರೆಯಲು ಕೈ ಬಾರದ್ದು: ಅಪ್ಪ ಹಾಸಿಗೆ ಹಿಡಿಯುವ ಎರಡು ವರ್ಷ ಮೊದಲೇ, ತೇನಿಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, ಎದೆಯೊಳಗೆ ಕಲ್ಲಿನ ಧೂಳು ಕೂತಿದೆ, ಇವತ್ತೇ ಕಲ್ಲಿನ ಕೆಲಸ ಬಿಟ್ಟರೆ ಇನ್ನೂ ಬಹಳ ಕಾಲ ಬದುಕಬಹುದು ಎಂದಿದ್ದರು. ಜೊತೆಗಿದ್ದವಳು ನಾನು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ, "ಅವ್ವಂಗೆ ಹೇಳಬ್ಯಾಡ ತಾಯೀ, ನೀ ಕಾಲೇಜು ಸೇರೋಗಂಟ ಮಾಡ್ತೀನಿ" ಎಂದರು. ನನಗೆ ಕಾಲೇಜು ಬೇಕಿತ್ತು. ಹೇಳಲಿಲ್ಲ.