ಸುಣ್ಣದ ಗೆರೆಗೆ ಗೋಡೆಯಿಲ್ಲ

ಮಾರ್ಚ್ 3, ಸೋಮವಾರ

ಮತ್ತೆ ಅದೇ. ಕಾಫಿ, ಕನ್ನಡಕದ ಹುಡುಕಾಟ, ಆಫೀಸು. ಟೇಬಲ್ ಮೇಲೆ ಕಂಪ್ಯೂಟರ್ ಬರೆದ ಮನೆ ಪ್ಲಾನು. ಮೂಲೆಯಲ್ಲಿ 'ಆರ್ಕಿಟೆಕ್ಟ್' ಅಂತ ನನ್ನ ಸಹಿಗೆ ಬಿಟ್ಟ ಜಾಗ.

ಬಾಸ್ ಬಂದ. ರಾಕೆಟ್ ಅಂತ ಹೆಸರಿಟ್ಟಿದ್ದೇನೆ — ಒಂದು ಕಡೆ ಕೂತು ಮಾತಾಡಿ ಗೊತ್ತಿಲ್ಲ.

"ಮೇಡಂ, ಈ ಪ್ಲಾನ್ ಬದಲಾವಣೆ ಇಲ್ದೆ ಮನೆಯವರಿಗೆ ಒಪ್ಪಿಗೆ ಆದ್ರೆ, ಇನ್ಮೇಲೆ ಸೈಟಿಗೆಲ್ಲ ಯಾಕೆ ಓಡಾಡ್ತೀರ? ವಾರಕ್ಕೊಂದ್ಸಲ ಬಂದು ಸಹಿ ಹಾಕಿ, ಸಾಕು."

ಒಳ್ಳೆಯ ಹುಡುಗ. ನನ್ನ ಕಷ್ಟ ತಪ್ಪಿಸುತ್ತಿದ್ದೇನೆ ಅಂತಲೇ ನಂಬಿದ್ದಾನೆ. ಸೈಟು ಬಿಟ್ಟರೆ ನನಗೆ ಉಳಿಯುವುದೇನು?

ಅದೇ ದಿನ, ಸಂಜೆ

ಪ್ಲಾನಿನಲ್ಲಿ ತಪ್ಪು ಹುಡುಕುತ್ತ ಕೂತೆ. ಗಾಳಿ ಸರಿ. ಬೆಳಕು ಸರಿ. ಮೆಟ್ಟಿಲೂ ಸರಿ! ಹೊಟ್ಟೆ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು ಇವರು, ಪೇಪರಿನಿಂದ ತಲೆ ಎತ್ತದೆ. ಗಂಡನಾದವರು ಹೇಳುವ ಮಾತೇ ಇದು?

ಮಾರ್ಚ್ 5, ಬುಧವಾರ

ಸೈಟು. ನನ್ನ ಪದ್ಧತಿ ಬಿಡಲಿಲ್ಲ — ಇಡೀ ಪ್ಲಾನನ್ನು ನಿಜ ಅಳತೆಯಲ್ಲೇ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆಸುವುದು. ಮನೆಯವರು ಅದರೊಳಗೆ ಓಡಾಡಬೇಕು, ಕೂರಬೇಕು, ಬೇಕಿದ್ದರೆ ಜಗಳವನ್ನೂ ಆಡಬಹುದು. ಆಮೇಲೆಯೇ ಸಹಿ.

ಮನೆಯವರು ಇಬ್ಬರೇ. ಹೊಲಿಗೆ ಕಲಿಸುವ ಅಕ್ಕ. ಅವರ ಗಂಡ ಬಸ್ ಡ್ರೈವರ್ ಆಗಿದ್ದವರು. ಲಕ್ವ ಹೊಡೆದು ಮಾತು ಹೋಗಿದೆ. ಏನು ಬೇಕಾದರೂ ಕಣ್ಣಲ್ಲೇ ಕೇಳುತ್ತಾರೆ. ಅವರ ರೂಮಿನ ಗೆರೆಯೊಳಗೆ ಕುರ್ಚಿ ಹಾಕಿ ಕೂರಿಸಿದೆವು. ಅಕ್ಕ ಅಡುಗೆಮನೆಯ ಗೆರೆಯೊಳಗೆ ನಿಂತು, ಇಲ್ಲದ ಒಲೆಯ ಮೇಲೆ ಇಲ್ಲದ ಪಾತ್ರೆ ಇಟ್ಟರು. ಡ್ರೈವರಣ್ಣ ನಕ್ಕರು. ಅರ್ಧ ಮುಖದ ನಗು.

"ಇವ್ರು ನಕ್ಕು ಎಷ್ಟು ದಿನ ಆಗಿತ್ತು ಮೇಡಂ. ಇದೇ ಇರ್ಲಿ."

ಕಂಪ್ಯೂಟರಿಗೆ ಸೋತೆ. ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ.

ಮಾರ್ಚ್ 6, ಬೆಳಿಗ್ಗೆ

ಸ್ನಾನಕ್ಕೆ ಹೋಗಿದ್ದೆ. ಕಾರಿನ ಕೀ ಎಲ್ಲಿ ಅಂತ ಇವರು ಹೊರಗಿನಿಂದ ಕೂಗಿದರು. ಟಿವಿ ಮೇಲೆ ಅಂತ ಒಳಗಿಂದ ಕೂಗಿದೆ. ಕೂಗಿದವಳು ಚೊಂಬು ಹಿಡಿದು ಹಾಗೇ ನಿಂತುಬಿಟ್ಟೆ.

ನಾವು ಗೋಡೆಯಾಚೆಯಿಂದ ಕೂಗಿಕೊಳ್ಳುತ್ತೇವೆ. ಡ್ರೈವರಣ್ಣ ಏನು ಮಾಡಬೇಕು? ಸುಣ್ಣದ ಗೆರೆಗೆ ಗೋಡೆ ಎಲ್ಲಿದೆ... ಅವರು ನಕ್ಕದ್ದು ರೂಮಿಗಲ್ಲ. ಹೆಂಡತಿ ಕಣ್ಣೆದುರಿಗಿದ್ದರು, ಅದಕ್ಕೆ.

ಮಾರ್ಚ್ 7, ಶುಕ್ರವಾರ

ಮನೆಯಲ್ಲಿದ್ದ ಬೆಡ್‌ಶೀಟುಗಳನ್ನೆಲ್ಲ ಹೊತ್ತು ಮತ್ತೆ ಸೈಟಿಗೆ. ಗೊಣಗುತ್ತ ಇವರೂ ಬಂದರು. ರಾಕೆಟನ್ನೂ ಎಳೆದುಕೊಂಡು ಹೋದೆ. ಅಡುಗೆಮನೆ ಗೆರೆಯ ಮೇಲೆ ಒಂದು ತುದಿ ಇವರು, ಇನ್ನೊಂದು ತುದಿ ಅವನು ಹಿಡಿದು ಬೆಡ್‌ಶೀಟು ಎತ್ತಿದರು. ಅಕ್ಕ ಮರೆಯಾದರು.

ಡ್ರೈವರಣ್ಣನ ಸರಿಯಿರುವ ಕೈ ಕುರ್ಚಿಯ ಹಿಡಿ ಹುಡುಕಿತು. ಏಳಲು ನೋಡಿದರು, ಆಗಲಿಲ್ಲ. ಗಂಟಲಿನಿಂದ ಏನೋ ಒಂದು ಸದ್ದು. ರಾಕೆಟ್ ಹಿಡಿದಿದ್ದ ಬೆಡ್‌ಶೀಟಿನ ತುದಿ ಕೆಳಗೆ ಬಿತ್ತು. ಅಕ್ಕ ಓಡಿಬಂದು ಗಂಡನ ಭುಜ ಹಿಡಿದರು.

"ಇಲ್ಲೇ ಇದೀನಿ. ಎಲ್ಲೂ ಹೋಗಿಲ್ಲ."

ಅಳು ಬಂತು. ತಡೆಯಲಿಲ್ಲ.

ಪ್ಲಾನಿನ ಆ ಗೋಡೆಯಲ್ಲಿ ಈಗ, ಕೂತವರ ಕಣ್ಣಿನ ಎತ್ತರಕ್ಕೆ ಅಗಲವಾದ ಕಿಂಡಿ. ಹೇಳಿದ ತಕ್ಷಣ ಕಂಪ್ಯೂಟರ್ ಬರೆದುಕೊಟ್ಟಿತು. ಪಾಪ, ಅದರ ತಪ್ಪೇನು, ಯಾರೂ ಹೇಳಿರಲಿಲ್ಲ. ಸಹಿ ಹಾಕಿದೆ.

ಮಾರ್ಚ್ 17, ಸೋಮವಾರ

ಇವತ್ತು ರಾಕೆಟ್ ಕುರ್ಚಿ ಎಳೆದುಕೊಂಡು ಕೂತ.

"ಮೇಡಂ, ಮನೆಯವರನ್ನ ಏನೇನು ಕೇಳ್ಬೇಕು ಅಂತ ಒಂದ್ಸಲ ಬರ್ದುಕೊಡಿ. ಕಂಪ್ಯೂಟರಿಗೆ ಹಾಕ್ಬಿಡ್ತೀನಿ. ಆಮೇಲೆ ನೀವು ಆರಾಮಾಗಿರಿ."

ಕೋಪ ಬರಬೇಕಿತ್ತು. ಬರಲಿಲ್ಲ. ಕೇಳಿದ್ದು ಪ್ರೀತಿಯಿಂದಲೇ. ಮನೆಗೆ ಬಂದು ಬರೆಯಲು ಕೂತಿದ್ದೇನೆ. ಮುಂದಿನ ಮನೆ ಒಬ್ಬ ನರ್ಸಮ್ಮನದು, ಅವಳಿ ಮಕ್ಕಳಿದ್ದಾರಂತೆ.

ಒಂದು: ಈ ಮನೆಯಲ್ಲಿ ಯಾರಿಗೆ ಯಾರು ಕಾಣುತ್ತಿರಬೇಕು?

ಎರಡು... ನರ್ಸಮ್ಮನ ಮುಖವನ್ನೇ ಇನ್ನೂ ನೋಡಿಲ್ಲವಲ್ಲ. ಒಗೆದ ಬೆಡ್‌ಶೀಟುಗಳನ್ನು ಇವರು ಮಡಿಸಿ ಕಾರಿಗೆ ಹಾಕಿಯಾಯಿತು. ಗೊಣಗುತ್ತಿಲ್ಲ. ನರ್ಸಮ್ಮನ ಸೈಟಿಗೆ ಹೊರಡೋಣ ಅಂತ ಹಾರ್ನ್ ಮಾಡುತ್ತಿದ್ದಾರೆ.

ಎರಡು —