ಅವನ ಕೋಟು ಇನ್ನು ತೆಗೆ

ಮಕ್ತಲ್

ಮೊಮ್ಮಗಳು ಅಖಿಲಾಗೆ ಅಜ್ಜಿಯ ಆಶೀರ್ವಾದ.

ವರ್ಷಗಟ್ಟಲೆ ನಡೆದ ಆ ನಕ್ಷತ್ರಲೋಕದ ಧಾರಾವಾಹಿಗೆ ಈಗ ನೀನೇ ನಾಯಕಿ. ಹಳೇ ನಾಯಕ ವಾರಕ್ಕೊಂದು ಗ್ರಹ ಸುಡುತ್ತಿದ್ದ. ನೀನು ದಾರಿ ತಪ್ಪಿದವರನ್ನು ಹುಡುಕಿ ಮನೆ ಸೇರಿಸುತ್ತೀ. ನೋಡುವವರು ಗೊಣಗುತ್ತಾರೆ, ನಾನೂ ಅವನಂತೆ ಬಂದೂಕು ಹಿಡಿಯಲಾ ಅಂತ ಕೇಳಿದ್ದೀ.

ಪಕ್ಕದ ಮನೆ ವೀರಬಸಮ್ಮನೂ, "ಒಂದು ಗುಂಡೂ ಹಾರಲಿಲ್ಲ, ಇದೆಂಥ ಆಟ ಐತಿ?" ಎಂದಳು.

"ತಪ್ಪಿದ ಕುರಿ ಕರಿಯಾಕ ಬಂದೂಕು ಬೇಕೇನ? ಬಾಯಿ ಸಾಕು. ನಿನಗಂತೂ ಅದು ಬೇಕಾದಷ್ಟು ಐತಿ" ಎಂದೆ. ಆಮೇಲೆ ಅವಳೂ ಕೂತು ಪೂರ್ತಿ ನೋಡಿದಳು.

ನಿಮ್ಮ ತಾತ ತೀರಿದಾಗ ಕುರಿಗಳು ನನ್ನ ಹಿಂದೆ ಬರಲಿಲ್ಲ. ನಮ್ಮವರ ಪದ್ಧತಿಯಂತೆ ಅವರ ಕಂಬಳಿ ಹೊದ್ದೆ, ವಾಸನೆ ಹಿಡಿದು ಬಂದವು. ನನ್ನ ಕೂಗಿಗೆ ತಿರುಗಿದ ದಿನವೇ ಅದನ್ನು ಬೀರಪ್ಪನ ಗುಡಿಯಲ್ಲಿಟ್ಟು ನನ್ನ ಕಂಬಳಿ ಹೊದ್ದೆ.

ನೀನೂ ಮೊದಲು ಆ ಹಳೇ ನಾಯಕನ ಕೋಟು ಹಾಕಿಕೊಂಡದ್ದು ಸರಿ. ಇನ್ನು ತೆಗೆ. ನಮ್ಮ ತೆಲಂಗಾಣವೇ ಈಗ ತನ್ನದೇ ಹೆಸರಲ್ಲಿ ಎದ್ದು ನಿಂತಿದೆ, ನಿನಗೇನಾಗಿದೆ?

ಹೈದರಾಬಾದಿಗೆ ಬರುವ ಖಂಡಪ್ಪನ ಕೈಲಿ ಹೊಸ ಕಂಬಳಿ ಕಳಿಸಿದ್ದೇನೆ. ಉಣ್ಣೆ ನಾನೇ ನೂತದ್ದು. ಚಳಿಯಾದರೂ ಒಮ್ಮೆಯೂ ಹೊದ್ದಿಲ್ಲ, ಅದಕ್ಕೆ ನಿನ್ನ ವಾಸನೆಯೇ ಹತ್ತಲಿ.

ನಿನ್ನ ಅಜ್ಜಿ,
ಕುರಿ ಕಾದ ಪೆಂಟಮ್ಮ