ಸತ್ತವನು ಟೀ ಕುಡಿದದ್ದು

ಮಾರ್ಚ್ ೬, ಸಂಜೆ

ಇವತ್ತು ಮೂರನೆಯ ಅಧ್ಯಾಯ ಮುಗಿಯಿತು. ಮುಗಿಯಿತು ಅಂತ ನನ್ನ ಅಂದಾಜು. ನಾದಿನಿ ಎಂದಿನಂತೆ ನಮ್ಮ ಮನೆಗೆ ಬಂದು ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು. ಆಪರೇಷನ್ ಆದ ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲಿನಿಂದಲೂ ಮಂಜು. ಪುಸ್ತಕ ಮುಟ್ಟುವಂತಿಲ್ಲ. ಹೋದ ವಾರ ಇಂಗ್ಲಿಷಿನಲ್ಲೇ ಓದಲು ಹೊರಟಿದ್ದೆ. "ಭಾವ, ನಿಮ್ಮ ಇಂಗ್ಲಿಷ್ ಕೇಳಿದ್ರೆ ಕಿವಿಗೂ ಆಪರೇಷನ್ ಮಾಡಿಸ್ಬೇಕಾಗುತ್ತೆ. ಕನ್ನಡದಲ್ಲೇ ಹೇಳಿ" ಅಂದಳು. ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು, ಅನ್ನಬಲ್ಲಳು.

ಪತ್ತೇದಾರಿ ಕಾದಂಬರಿ. ಪತ್ತೆ ಮಾಡುವವಳು ಹೆಂಗಸು — ಪ್ರೈವೇಟ್ ಡಿಟೆಕ್ಟಿವ್, ಸ್ವಂತ ಆಫೀಸು, ಬಾಗಿಲಿಗೆ ಬೋರ್ಡು. ಬಾಡಿಗೆ ಕೋಣೆಗಳ ಒಂದು ಮನೆ. ಅದರ ಯಜಮಾನಿಯ ಕೊಲೆ. ಇವತ್ತು ಅಲ್ಲಿ ಬಾಡಿಗೆಗಿದ್ದ ಪಿಟೀಲು ಮೇಷ್ಟ್ರೂ ಸತ್ತ. ಸೋಫಾ ಸುತ್ತ ಎಲ್ಲರೂ ಅಳುತ್ತಿದ್ದರು. ಪುಟದ ಕೊನೆಗೆ ಒಂದು 'ನೆವರ್‌ದಿಲೆಸ್' ಇತ್ತು. ಅಂದರೆ ಏನೋ… ಬಿ.ಎ.ಯಲ್ಲಿ ಬಂದಿತ್ತು.

ಮಾರ್ಚ್ ೯

ಅನಾಹುತ. ಪಿಟೀಲು ಮೇಷ್ಟ್ರು ಆರನೆಯ ಅಧ್ಯಾಯದಲ್ಲಿ ಟೀ ಕುಡಿಯುತ್ತಿದ್ದಾನೆ! ಸಕ್ಕರೆ ಬೇರೆ ಕೇಳುತ್ತಾನೆ. ಹಿಂದಕ್ಕೆ ಹೋಗಿ ನೋಡಿದೆ — ಎರಡು ಹಾಳೆ ಅಂಟಿಕೊಂಡಿದ್ದವು. ಆಸಾಮಿ ಮೂರ್ಛೆ ಹೋಗಿದ್ದ, ಅಷ್ಟೇ. ಕೊಂದವನು ನಾನು.

ನಿಜ ಹೇಳಿದರೆ? "ಬಿಡಿ ಭಾವ, ಎದುರುಮನೆ ಟೀಚರ್ ಓದ್ತಾರೆ" ಅಂದುಬಿಡುತ್ತಾಳೆ. ಅಲ್ಲಿಗೆ ನನ್ನ ಸಂಜೆಯೂ ಮುಗಿಯಿತು. ನಮ್ಮವಳು ಹೋದಮೇಲೆ ನಾನು ಬಾಯಿ ಬಿಟ್ಟು ಮಾತಾಡುವುದು ಅವಳ ತಂಗಿಯ ಮುಂದೆ, ಈ ಒಂದು ಹೊತ್ತು.

ಟೀ ಕಪ್ಪನ್ನು ಮೇಷ್ಟ್ರ ಅವಳಿ ಅಣ್ಣನ ಕೈಗೆ ಕೊಟ್ಟೆ.

"ಅವನೆಲ್ಲಿಂದ ಉದುರಿದ?"

"ರೈಲಿಂದ. ಅಳ್ತಾ ಬಂದ."

"ಡಿಟೆಕ್ಟಿವಮ್ಮ ಏನಂದ್ಲು?"

ಪುಸ್ತಕದಲ್ಲಿ ಇದ್ದರಲ್ಲವೇ? ಬಾಯಿಗೆ ಬಂದದ್ದು ಹೇಳಿದೆ. "'ಮೊದ್ಲು ಕಾಲೊರೆಸ್ಕೊಂಡು ಒಳಗೆ ಬನ್ನಿ, ಆಮೇಲೆ ಅಳುವಿರಂತೆ' ಅಂದ್ಲು."

ಬಿದ್ದು ಬಿದ್ದು ನಕ್ಕಳು. "ಪಟ್ಟಿ ಕಟ್ಕೊಂಡೋಳನ್ನ ಹೀಗೆಲ್ಲಾ ನಗಿಸ್ಬಾರ್ದು, ಪಾಪ ಬರುತ್ತೆ!"

ಮಾರ್ಚ್ ೧೫

ಪುಸ್ತಕದ ದಾರಿ ಅದಕ್ಕೆ, ನನ್ನ ದಾರಿ ನನಗೆ. ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಹಾಳೆ ಮಗುಚುತ್ತೇನೆ, ಸದ್ದು ಕೇಳಬೇಕಲ್ಲ. ಕೊಲೆಗಾರ ಯಾರೋ ನನಗೇ ತಿಳಿಯದು. ಅಡುಗೆಯವನ ಮೇಲೆ ಅನುಮಾನ ಹಾಕಿದೆ, ತೆಗೆದೆ. ಡಾಕ್ಟರ ಮೇಲೆ ಹಾಕಿದೆ. ತಲೆ ಕಲಸುಮೇಲೋಗರವಾಗಿದೆ. ಪತ್ತೇದಾರಿಣಿ ಮಾತ್ರ ತಡವರಿಸುವುದಿಲ್ಲ. ಇವತ್ತು ಇನ್‌ಸ್ಪೆಕ್ಟರಿಗೆ ಅಂಗಿ ಗುಂಡಿ ಹಾಕಿಕೊಳ್ಳಲು ಹೇಳಿ, ಆಮೇಲೆ ಕೇಸಿನ ಮಾತು ತೆಗೆದಳು.

ನಾದಿನಿ ನಗಲಿಲ್ಲ. "ಇಂಥೋಳು ಎಲ್ಲೋ ಇದ್ದೇ ಇರ್ಬೇಕು ಭಾವ. ಇಲ್ದಿದ್ರೆ ಹೀಗೆ ಬರೆಯೋಕಾಗುತ್ತಾ?"

ಯಾರು ಬರೆದದ್ದು, ಏನು ಕಥೆ. ಹೂಂ ಅಂದೆ.

ಮಾರ್ಚ್ ೧೯

ಪಟ್ಟಿ ಬಿಚ್ಚಿದರು. ಕಣ್ಣು ಚೆನ್ನಾಗಿ ಕಾಣುತ್ತಿದೆಯಂತೆ. ದೊಡ್ಡ ಸಮಾಧಾನ. ಬಂದವಳೇ ಪುಸ್ತಕಕ್ಕೆ ಕೈ ಚಾಚಿದಳು — "ಮೊದ್ಲಿಂದ ನಾನೇ ಓದ್ತೀನಿ." ಏನಂತ ಇಲ್ಲ ಅನ್ನಲಿ? ಕೊಟ್ಟೆ.

ಮಾರ್ಚ್ ೨೩

ಬರಲಿಲ್ಲ. ಫೋನೂ ಇಲ್ಲ. ನಾನೇ ಅವಳ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿದಳು.

"ಕಾಣದ ಕಣ್ಣಿಗೇ ಮಣ್ಣೆರಚಿದ್ರಲ್ಲ ಭಾವ."

"ಹಾಳೆ ಅಂಟಿಕೊಂಡಿತ್ತಮ್ಮ… ಪಿಟೀಲು ಮೇಷ್ಟ್ರು ನಿಜವಾಗಿ—"

"ಅವನು ಇದ್ರೆಷ್ಟು, ಸತ್ರೆಷ್ಟು!"

ಬಾಗಿಲು ಹಾಕಿಕೊಂಡಳು. ಮೇಷ್ಟ್ರ ವಿಷಯಕ್ಕಲ್ಲದಿದ್ದರೆ ಸಿಟ್ಟು ಯಾವುದಕ್ಕೆ? ದಾರಿಯುದ್ದಕ್ಕೂ ಯೋಚಿಸಿದೆ. ತಿರುವು ತಪ್ಪಿ ಬೇರೆ ಬೀದಿಗೆ ಹೋಗಿದ್ದೆ.

ಮಾರ್ಚ್ ೨೬, ಮಧ್ಯಾಹ್ನ

ಬಂದಳು. ಪುಸ್ತಕ ಮೇಜಿನ ಮೇಲೆ ಕುಕ್ಕಿದಳು.

"ಕೊನೇವರೆಗೂ ಓದ್ದೆ. ಆ ಡಿಟೆಕ್ಟಿವ್ ಯಾರಿಗೂ ಗುಂಡಿ ಹಾಕ್ಕೊ ಅನ್ನಲ್ಲ. ಕಾಲೊರೆಸ್ಕೊ ಅನ್ನಲ್ಲ. ಸಿಗರೇಟು ಸೇದ್ತಾ ಓಡಾಡ್ತಾಳೆ, ಅಷ್ಟೇ. ಇಡೀ ಪುಸ್ತಕ ಹುಡುಕ್ದೆ ಭಾವ. ಅಕ್ಕ ಒಂದು ಪುಟದಲ್ಲೂ ಇಲ್ಲ."

ಅಕ್ಕನೇ? ಪುಸ್ತಕದಲ್ಲಿ ಅವಳೇಕೆ… ಎಂದು ಕೇಳಹೊರಟವನು ನಿಂತೆ. ಈ ಮನೆಯ ಹೊಸಿಲಲ್ಲಿ ಕಾಲೊರೆಸ್ಕೊಳ್ಳಿ ಅನ್ನುತ್ತಿದ್ದವಳು ಯಾರು? ನನಗೆ ಗೊತ್ತಿರಲಿಲ್ಲ. ದೇವರಾಣೆ, ಗೊತ್ತಿದ್ದು ಹೇಳಿದ್ದಲ್ಲ.

"ನಿಮ್ಮ ಕಥೇನ ಮುಗಿಸಿ. ಅವಳು ಯಾರನ್ನ ಹಿಡೀತಾಳೆ?"

"ನನಗೆ ಗೊತ್ತಿಲ್ಲಮ್ಮ."

"ನಿಮ್ಮನ್ಯಾರು ಕೇಳಿದ್ರು? ಅವಳನ್ನ ಕೇಳಿ."

ಒಳಗೆ ಪಾತ್ರೆ ಸದ್ದು, ಟೀ ಇಡುತ್ತಿದ್ದಾಳೆ. ಬರುವಷ್ಟರಲ್ಲಿ ಇಲ್ಲಿ ಗೀಚಿ ನೋಡುತ್ತೇನೆ. ಯಜಮಾನಿಯ ಕೋಣೆ. ಡಾಕ್ಟರು, ಅಡುಗೆಯವನು, ಅವಳಿ ಅಣ್ಣ, ಎಲ್ಲರೂ ಗೋಡೆಗೆ ಒರಗಿ ನಿಂತಿದ್ದಾರೆ. ಪತ್ತೇದಾರಿಣಿ ಬಂದಳು. ಒಬ್ಬೊಬ್ಬರ ಮುಖ ನೋಡಿದಳು. ನನ್ನ ಕಡೆಗೂ ತಿರುಗಿದಳು — ನಾನೇಕೆ ಆ ಕೋಣೆಯಲ್ಲಿದ್ದೇನೋ — ತಿರುಗಿ, "ಏನ್ರೀ, ಕಾಲೊರೆಸ್ಕೊಂಡ್ರಾ?" ಅಂದಳು.